ಪೆಟ್ಟು ಮಿದುಳಿಗೆ, ಸುಳಿವು ಕಣ್ಣಿನಲ್ಲಿ

ಬೈಕಿನಿಂದ ಬಿದ್ದವರು ಎದ್ದು ಕುಳಿತು, ನೀರು ಕುಡಿದು, ಹೆಸರು ಊರು ಎಲ್ಲವನ್ನೂ ಸರಿಯಾಗಿಯೇ ಹೇಳುತ್ತಾರೆ. ತಲೆಯ ಮೇಲೆ ಗಾಯವಿಲ್ಲ. ಒಳಗೆ ಮಿದುಳಿಗೆ ಪೆಟ್ಟಾಗಿದೆಯೇ? ಸಿ.ಟಿ. ಸ್ಕ್ಯಾನ್ ರಕ್ತಸ್ರಾವವನ್ನು ತೋರಿಸುತ್ತದೆ, ನಿಜ. ಸಣ್ಣ ಪೆಟ್ಟು ಎಷ್ಟೋ ಸಲ ಅದಕ್ಕೂ ಸಿಗುವುದಿಲ್ಲ.

ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಪೋಲಾ ಗೋಲ್ಡ್‌ಬರ್ಗ್ ಓಪನ್‌ಹೈಮರ್ ಮತ್ತು ಸಂಗಡಿಗರು ಉತ್ತರ ಹುಡುಕುತ್ತಿರುವುದು ಕಣ್ಣಿನಲ್ಲಿ. ಭ್ರೂಣ ಬೆಳೆಯುವಾಗ ಅಕ್ಷಿಪಟಲ, ಅಂದರೆ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪದರ, ಮೂಡುವುದು ಮಿದುಳಿನಿಂದ ಹೊರಚಾಚಿದ ಅಂಗಾಂಶದಿಂದಲೇ. ಅಂದರೆ ಅದು ಮಿದುಳಿನದೇ ತುಂಡು. ಆದರೆ ಬೆಳಕು ತಲುಪಬಲ್ಲ ತುಂಡು.

ಅವರು ಬಳಸುವುದು 1928ರಲ್ಲಿ ಕಲ್ಕತ್ತೆಯಲ್ಲಿ ಸಿ.ವಿ. ರಾಮನ್ ಕಂಡುಕೊಂಡ ಪರಿಣಾಮವನ್ನು. ಒಂದೇ ಬಣ್ಣದ ಲೇಸರ್ ಬೆಳಕು ಅಂಗಾಂಶಕ್ಕೆ ಬಿದ್ದು ಚದುರಿದಾಗ ಬಹುಪಾಲು ಅದೇ ಬಣ್ಣದಲ್ಲಿ ಹಿಂದಿರುಗುತ್ತದೆ. ಸುಮಾರು ಕೋಟಿಗೊಂದು ಫೋಟಾನ್ (ಬೆಳಕಿನ ಕಣ) ಮಾತ್ರ ಅಣುವಿನ ಕಂಪನಕ್ಕೆ ಒಂದಿಷ್ಟು ಶಕ್ತಿ ಕೊಟ್ಟೋ ಪಡೆದೋ ಬಣ್ಣ ಬದಲಿಸಿಕೊಂಡು ಬರುತ್ತದೆ. ಆ ಬದಲಾವಣೆಯನ್ನು ಅಳೆದರೆ ಅಲ್ಲಿರುವುದು ಕೊಬ್ಬೋ ಪ್ರೋಟೀನೋ ಎಂದು ತಿಳಿಯುತ್ತದೆ. ಮಿದುಳಿಗೆ ಪೆಟ್ಟಾದರೆ ಅಕ್ಷಿಪಟಲದ ಕೊಬ್ಬಿನ ಅಂಶಗಳೂ ಏರುಪೇರಾಗುತ್ತವೆ ಎಂಬುದನ್ನು ಈ ತಂಡ 2020ರಲ್ಲಿ ಇಲಿಗಳಲ್ಲಿ ತೋರಿಸಿತು. 2023ರಲ್ಲಿ ಕೈಯಲ್ಲೇ ಹಿಡಿಯಬಹುದಾದ ‘ಐ-ಡಿ’ ಉಪಕರಣದ ವಿವರ ಪ್ರಕಟವಾಯಿತು. ಅದನ್ನು ಒರೆಗೆ ಹಚ್ಚಿದ್ದು ಹಂದಿಯ ಕಣ್ಣುಗಳ ಮೇಲೆ.

ಕಣ್ಣಾಸ್ಪತ್ರೆಗಳಲ್ಲಿ ಈಗಾಗಲೇ ಇರುವ ಓ.ಸಿ.ಟಿ. (ಆಪ್ಟಿಕಲ್ ಕೊಹೆರೆನ್ಸ್ ಟೊಮೋಗ್ರಫಿ) ಯಂತ್ರವೂ ಬೆಳಕಿನದೇ. ಅದು ಅಕ್ಷಿಪಟಲದ ಪದರಗಳ ದಪ್ಪವನ್ನು ಅಳೆಯುತ್ತದೆ. ಮಿದುಳಿನ ಕಾಯಿಲೆಯಾದ ಪಾರ್ಕಿನ್‌ಸನ್ ರೋಗ ಬರಲಿದ್ದವರಲ್ಲಿ ಒಳಪದರಗಳು ಸರಾಸರಿ ಏಳು ವರ್ಷ ಮೊದಲೇ ತೆಳುವಾಗಿದ್ದವೆಂದು ಲಂಡನ್ನಿನ ಮೂರ್‌ಫೀಲ್ಡ್ಸ್ ಆಸ್ಪತ್ರೆ ಮತ್ತು ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2023ರಲ್ಲಿ ವರದಿ ಮಾಡಿದರು. ಆದರೆ ಇದು ಸಾವಿರಾರು ಜನರ ಸರಾಸರಿ, ಎದುರು ಕುಳಿತ ಒಬ್ಬರ ಭವಿಷ್ಯವಲ್ಲ. ಕಣ್ಣಿನ ನರ ಹಾಳಾಗುವ ಗ್ಲಾಕೋಮಾದಲ್ಲೂ ನರತಂತುಗಳ ಪದರ ತೆಳುವಾಗುತ್ತದೆ. ಬರೀ ದಪ್ಪ ನೋಡಿ ರೋಗದ ಹೆಸರು ಹೇಳಹೊರಟರೆ ಎಡವಟ್ಟಾಗುವುದು ಖಂಡಿತ. ರಸಾಯನವನ್ನೇ ಓದುವ ರಾಮನ್ ವಿಧಾನದ ಮೇಲೆ ನನಗೆ ಹೆಚ್ಚು ಆಸೆ ಇರುವುದು ಅದಕ್ಕೇ.

ಅದರ ತೊಡಕೂ ಚಿಕ್ಕದಲ್ಲ. ಕೋಟಿಗೊಂದು ಫೋಟಾನ್ ಎಂದರೆ ತೀರ ಕ್ಷೀಣ ಸಂಕೇತ. ಪ್ರಯೋಗಾಲಯದ ಮಾದರಿಯಾದರೆ ಲೇಸರ್ ಹೆಚ್ಚಿಸಬಹುದು. ಜೀವಂತ ಕಣ್ಣಿಗೆ ಮಿತಿ ಮೀರಿದರೆ ಅಕ್ಷಿಪಟಲವೇ ಸುಟ್ಟೀತು. ಬೆಳಕನ್ನು ಹೆಚ್ಚಿಸುವಂತಿಲ್ಲ, ಗಾಯಾಳು ಕಣ್ಣು ಅಲುಗಿಸದೆ ಬಹಳ ಹೊತ್ತು ಇರಲಾರ. ಸಿಕ್ಕ ಕೆಲವೇ ಫೋಟಾನುಗಳನ್ನು ಕೆಲವೇ ಕ್ಷಣಗಳಲ್ಲಿ ಉಳಿದ ಬೆಳಕಿನ ಗದ್ದಲದಿಂದ ಬೇರ್ಪಡಿಸಬೇಕು. ಆಂಬುಲೆನ್ಸ್ ಒಳಗೆ, ಅದು ಓಡುತ್ತಿರುವಾಗ.