ಬೆರ್ತ್ ಮೊರಿಸೊ ಮಾನೆಯ ಶಿಷ್ಯೆ ಅಲ್ವಾ?

ಓದುಗರ ಪ್ರಶ್ನೆ: "ಇಂಪ್ರೆಷನಿಸ್ಟ್ ಚಿತ್ರಕಾರ್ತಿ ಬೆರ್ತ್ ಮೊರಿಸೊ, ಎದುವಾರ್ ಮಾನೆ ಹತ್ರ ಕಲಿತವಳು ತಾನೆ? ಮೊದ್ಲು ಅವನ ಮಾಡೆಲ್ ಆಗಿದ್ಳು, ಆಮೇಲೆ ಪೇಂಟರ್ ಆದ್ಳು ಅಂತ ಓದಿದ ನೆನಪು."

ಅಲ್ಲ ಕಣ್ರೀ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದೀನೋ ಲೆಕ್ಕ ಇಲ್ಲ, ಅದಕ್ಕೇ ಈ ಸಲ ಕೂತು ಪೂರ್ತಿ ಬರೀತಿದೀನಿ. (ಇಂಪ್ರೆಷನಿಸ್ಟರು ಅಂದ್ರೆ ಆ ಕ್ಷಣದ ಬೆಳಕು, ಬಣ್ಣ ಹಿಡಿಯೋಕೆ ಹೊರಟ ಚಿತ್ರಕಾರರ ಗುಂಪು. ಮಾನೆ ಬೇರೆ, ಮೋನೆ ಬೇರೆ. ತಾವರೆ ಕೊಳ ಬರೆದೋನು ಮೋನೆ.)

ಮೊದಲು ಇಸವಿ ನೋಡಿ. ಮೊರಿಸೊ ಹುಟ್ಟಿದ್ದು 1841ರಲ್ಲಿ, ಫ್ರಾನ್ಸಿನ ಬೂರ್ಜ್‌ನಲ್ಲಿ. 1858ರ ಹೊತ್ತಿಗೆ, ಅಂದ್ರೆ ಹದಿನೇಳು ವಯಸ್ಸಿಗೆ, ಅಕ್ಕ ಎಡ್ಮಾ ಜೊತೆ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಲ್ಲಿ ನಿಂತು ಹಳೇ ಮಾಸ್ಟರ್‌ಗಳ ಚಿತ್ರ ನೋಡಿ ಬರೆಯೋ ಅಭ್ಯಾಸ ಶುರು ಮಾಡಿದ್ಳು. ಮೇಷ್ಟ್ರು ಜೋಸೆಫ್ ಗಿಶಾರ್. ಹೆಣ್ಮಕ್ಕಳಿಗೆ ಸರ್ಕಾರಿ ಕಲಾಶಾಲೆಯ ಬಾಗಿಲು ತೆರೆದಿದ್ದು 1897ರಲ್ಲಿ, ಆಕೆ ತೀರಿಕೊಂಡ ಎರಡು ವರ್ಷಕ್ಕೆ, ಹಾಗಾಗಿ ಖಾಸಗಿಯಾಗಿ ಕಲೀಬೇಕಾಗಿತ್ತು. ಆಮೇಲೆ ಪ್ರಕೃತಿ ಚಿತ್ರಕ್ಕೆ ಹೆಸರಾದ ಚಿತ್ರಕಾರ ಕೊರೊ ಹತ್ರ ಬಯಲಲ್ಲಿ ಕೂತು ಬರೆಯೋದು ಕಲಿತ್ಳು. 1864ರಲ್ಲಿ ಸಲಾನ್‌ಗೆ, ಅಂದ್ರೆ ಪ್ಯಾರಿಸ್ಸಿನ ಅಧಿಕೃತ ಚಿತ್ರಪ್ರದರ್ಶನಕ್ಕೆ, ಆಕೆಯ ಎರಡು ಚಿತ್ರ ಆಯ್ಕೆ ಆದ್ವು. ಮಾನೆ ಪರಿಚಯ ಆಗಿದ್ದು 1868ರಲ್ಲಿ, ಅದೇ ಲೂವ್ರಲ್ಲಿ. ಡಿಗ್ರಿ ಮುಗಿಸಿ ಕೆಲ್ಸಕ್ಕೆ ಸೇರಿ ನಾಲ್ಕು ವರ್ಷ ಆದೋಳನ್ನ ಹೊಸದಾಗಿ ಪರಿಚಯ ಆದೋರು "ಇವ್ಳು ನಮ್ಮ ಸ್ಟೂಡೆಂಟ್" ಅಂದ್ರೆ ನೀವು ಒಪ್ತೀರಾ?

ಸರಿ, ಈ ಸುಳ್ಳು ಹುಟ್ಟಿದ್ದಾದ್ರೂ ಎಲ್ಲಿ? ಮಾನೆ ಬರೆದ ಚಿತ್ರಗಳಲ್ಲೇ. 'ಬಾಲ್ಕನಿ' ಅನ್ನೋ ಚಿತ್ರದಲ್ಲಿ ಮುಂದೆ ಕೂತು ದಿಟ್ಟಿಸಿ ನೋಡೋಳು ಇವ್ಳೇ, ಅಲ್ಲಿಂದ 1874ರವರೆಗೆ ಅವನು ಹತ್ತಕ್ಕೂ ಹೆಚ್ಚು ಸಲ ಇವಳ ಚಿತ್ರ ಬರೆದ, ಆ ವರ್ಷದ ಕೊನೆಗೆ ಇವಳು ಅವನ ತಮ್ಮ ಯೂಜೆನ್‌ನ ಮದುವೆ ಆದ್ಳು, ಇಷ್ಟು ಸಾಕಾಯ್ತು ಜನಕ್ಕೆ. ಮಾನೆಗೆ ನಿಜವಾಗ್ಲೂ ಒಬ್ಬ ಶಿಷ್ಯೆ ಇದ್ಳು, ಎವಾ ಗೊನ್ಸಾಲೆಸ್ ಅಂತ, 1869ರಲ್ಲಿ ಅವನ ಹತ್ರ ಸೇರಿದ್ಳು. ಶಿಷ್ಯೆ ಅನ್ನೋ ಮಾತು ಸಲ್ಲಬೇಕಾದ್ದು ಅವಳಿಗೆ.

"ಆದ್ರೂ ಮಾನೆ ಇವಳ ಚಿತ್ರ ತಿದ್ತಿದ್ದನಲ್ಲ?" ಅಂತ ಇನ್ನೊಬ್ರು ಕೇಳ್ತಾರೆ. ತಿದ್ದಿದ್ದ, ಅದರ ಕಥೆ ಕೇಳಿ. 1870ರಲ್ಲಿ ಮೊರಿಸೊ ತನ್ನ ಅಮ್ಮ ಮತ್ತೆ ಎಡ್ಮಾ ಒಟ್ಟಿಗೆ ಕೂತಿರೋ ಚಿತ್ರ ಸಲಾನ್‌ಗೆ ಅಂತ ಮುಗಿಸ್ತಿದ್ಳು. ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆ ಮಾನೆ ಬಂದ, ಚೆನ್ನಾಗಿದೆ, ಲಂಗದ ಕೆಳಗಡೆ ಮಾತ್ರ ಸ್ವಲ್ಪ ಸರಿಯಿಲ್ಲ ಅಂದ, ಬ್ರಷ್ ತಗೊಂಡ. ಲಂಗದಿಂದ ರವಿಕೆಗೆ, ರವಿಕೆಯಿಂದ ಮುಖಕ್ಕೆ, ಮುಖದಿಂದ ಹಿನ್ನೆಲೆಗೆ, ನಗ್ತಾ ಜೋಕ್ ಹೊಡೀತಾ ಪ್ಯಾಲೆಟ್ ಇವಳ ಕೈಗೆ ಕೊಡೋದು ಮತ್ತೆ ಕಿತ್ಕೊಳ್ಳೋದು, ಹೀಗೇ ಸಂಜೆ ಐದಾಯ್ತು. ಅಷ್ಟರಲ್ಲಿ ಗಾಡಿಯೋನು ಬಂದು ಕಾಯ್ತಿದ್ದ, ಚಿತ್ರ ಹೋಗೇಬಿಡ್ತು. ಅಮ್ಮನಿಗೆ ಇದು ತಮಾಷೆ ಅನ್ನಿಸ್ತು. ಮೊರಿಸೊ ಮಾತ್ರ, ಇದು ಕಾರ್ಟೂನ್ ಆಗೋಯ್ತು, ಸಲಾನ್‌ನೋರು ವಾಪಸ್ ಕಳಿಸಿದ್ರೆ ಸಾಕು ಅಂತ ಅಕ್ಕನಿಗೆ ಕಾಗದ ಬರೆದ್ಳು. ಅವ್ರು ಕಳಿಸಲಿಲ್ಲ, ಆರಿಸಿಬಿಟ್ರು. ಚಿತ್ರ ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಫೋಟೋ ದೊಡ್ಡದು ಮಾಡಿ ನೋಡಿ, ಅಮ್ಮನ ಕಪ್ಪು ಬಟ್ಟೆ ಮತ್ತೆ ಮುಖದ ಮೇಲೆ ಬ್ರಷ್ ಸರಸರ ಹರಿದಿದೆ, ಪಕ್ಕದಲ್ಲಿ ಎಡ್ಮಾ ಮುಖ, ಸೋಫಾದ ಹೂವು, ಕನ್ನಡಿಯೊಳಗಿನ ಬಿಂಬ ಎಲ್ಲ ನಯವಾಗಿ ಬಂದಿವೆ. ಎರಡು ಕೈ ಅಂತ ಯಾರಿಗಾದ್ರೂ ಗೊತ್ತಾಗುತ್ತೆ. ಪಾಠ ಹೇಳೋದು ಅಂದ್ರೆ ಇದಾ? ಇದು ಇನ್ನೊಬ್ಬರ ಕೆಲ್ಸದ ಮೇಲೆ ಕೈ ಹಾಕೋದು.

ಅದರ ಹಿಂದಿನ ವರ್ಷ, 1869ರಲ್ಲಿ, ಮೊರಿಸೊ ಲೋರಿಯಾನ್ ಬಂದರಿನ ಕಟ್ಟೆ ಮೇಲೆ ಎಡ್ಮಾ ಕೊಡೆ ಹಿಡ್ಕೊಂಡು ಕೂತಿರೋ ಚಿತ್ರ ಬರೆದಿದ್ಳಲ್ಲ, ಅದನ್ನ ಮಾನೆ ಎಷ್ಟು ಮೆಚ್ಚಿದ ಅಂದ್ರೆ ಇವಳು ಅವನಿಗೇ ಕೊಟ್ಬಿಟ್ಳು. 1874ರಲ್ಲಿ ಇಂಪ್ರೆಷನಿಸ್ಟರ ಮೊದಲ ಪ್ರದರ್ಶನ ಆದಾಗ ಮಾನೆ ಸೇರಲಿಲ್ಲ, ಆಮೇಲಿನ ಯಾವುದಕ್ಕೂ ಸೇರಲಿಲ್ಲ. ಇವಳು ಎಂಟರಲ್ಲಿ ಏಳಕ್ಕೆ ಚಿತ್ರ ಕೊಟ್ಳು. ತಪ್ಪಿದ್ದು 1879ರದ್ದು ಒಂದೇ, ಆಗ ಮಗಳು ಜೂಲಿ ಕೆಲವು ತಿಂಗಳ ಕೂಸು.

ಆ ಮೊದಲ ಪ್ರದರ್ಶನದಲ್ಲಿ ಇದ್ದಿದ್ದೇ 'ತೊಟ್ಟಿಲು'. ತೊಟ್ಟಿಲ ಮೇಲಿನ ಬಿಳಿ ಪರದೆ ನೋಡಿ, ಬಿಳಿ ಅಂತೀವಿ ಆದ್ರೆ ಅದರಲ್ಲಿ ನೀಲಿ ಇದೆ, ಬೂದು ಇದೆ, ಗುಲಾಬಿ ಇದೆ, ಅದರ ಹಿಂದೆ ಮಗು ಮಸುಕಾಗಿ ಕಾಣುತ್ತೆ. ತಾಯಿ ಎಡಗೈ ಮಡಚಿ ಕೆನ್ನೆಗೆ ಕೊಟ್ಕೊಂಡಿದಾಳೆ, ಮಗುನೂ ಕೈ ಮಡಚಿ ತಲೆ ಹತ್ರ ಇಟ್ಕೊಂಡಿದೆ. ನನಗೆ ಆ ಕೈಗಳನ್ನ ನೋಡಿದಾಗೆಲ್ಲ ಗಂಟಲು ಕಟ್ಟುತ್ತೆ.

ಆ ತಾಯಿ ಯಾರು ಅಂತ ಯಾರೂ ಕೇಳಲ್ಲ, ನಾನೇ ಹೇಳ್ತೀನಿ. ಅವಳೂ ಎಡ್ಮಾನೇ. ತಂಗಿ ಜೊತೆ ಅದೇ ಮೇಷ್ಟ್ರುಗಳ ಹತ್ರ ಕಲಿತೋಳು, 1864ರ ಸಲಾನ್‌ನಲ್ಲಿ ಇವಳ ಚಿತ್ರನೂ ಇತ್ತು. 1869ರಲ್ಲಿ ನೌಕಾಪಡೆಯ ಅಧಿಕಾರಿಯನ್ನ ಮದುವೆಯಾಗಿ ಲೋರಿಯಾನ್‌ಗೆ ಹೋದ್ಳು, ಚಿತ್ರ ಬರೆಯೋದು ಹೆಚ್ಚುಕಡಿಮೆ ನಿಂತೇಹೋಯ್ತು. ಮನಸ್ಸು ಇನ್ನೂ ನಿನ್ನ ಸ್ಟುಡಿಯೋದಲ್ಲೇ ಸುತ್ತುತ್ತೆ ಅಂತ ತಂಗಿಗೆ ಕಾಗದ ಬರೀತಿದ್ಳು. ಮದುವೆ ಆದ್ಮೇಲೂ ಬ್ರಷ್ ಬಿಡದ ತಂಗಿ 400ಕ್ಕೂ ಹೆಚ್ಚು ತೈಲಚಿತ್ರ ಬಿಟ್ಟು ಹೋದ್ಳು, ಆದ್ರೂ 1895ರಲ್ಲಿ ತೀರಿಕೊಂಡಾಗ ಮರಣಪತ್ರದಲ್ಲಿ 'ಉದ್ಯೋಗ ಇಲ್ಲ' ಅಂತ ಬರೆದ್ರು.

ಮಾನೆ ಬರೆದ ಚಿತ್ರಗಳಲ್ಲಿ ಮೊರಿಸೊ ಕೈಯಲ್ಲಿ ಬೀಸಣಿಗೆ ಇದೆ, ಎದೆ ಮೇಲೆ ನೇರಳೆ ಹೂಗೊಂಚಲಿದೆ, ಮುಖದ ಮೇಲೆ ಪರದೆ ಇದೆ, ಒಂದರಲ್ಲೂ ಬ್ರಷ್ ಇಲ್ಲ. ಬ್ರಷ್ ಹಿಡಿದು ಕ್ಯಾನ್ವಾಸ್ ಮುಂದೆ ಕೆಲ್ಸ ಮಾಡ್ತಿರೋ ಮೊರಿಸೊ ಚಿತ್ರ ಬೇರೆ ಇದೆ, ಸುಮಾರು 1865ರದ್ದು. ಬರೆದೋಳು ಎಡ್ಮಾ.