ಬೇಸ್ ಗಿಟಾರಿನ ಡ್ರಾಪ್ ಕೀ: ಶ್ರುತಿ ತಪ್ಪುವುದು ಎಲ್ಲಿ?

ಗಣೇಶೋತ್ಸವ ಹತ್ತಿರವಾದಂತೆ ಬೆಳಗಾವಿಯ ಆರ್ಕೆಸ್ಟ್ರಾ ತಂಡಗಳ ಬೇಸ್ ಗಿಟಾರುಗಳು ನನ್ನ ದುರಸ್ತಿ ಮೇಜಿಗೆ ಬರತೊಡಗುತ್ತವೆ. ಅವುಗಳಲ್ಲಿ ಹಲವಕ್ಕೆ ಅತಿ ದಪ್ಪದ ಇ ತಂತಿಯ ಮೂಲ ಕೀ (ತಂತಿ ಬಿಗಿ ಮಾಡುವ ತಿರುಗಣೆ) ತೆಗೆದು, ಹಿಪ್‌ಶಾಟ್ ಎಕ್ಸ್‌ಟೆಂಡರ್‌ನಂಥ ಲಿವರ್ ತಿರುಗಿಸಿ ಇ ಸ್ವರವನ್ನು ಡಿಗೆ ಇಳಿಸುವ ಡ್ರಾಪ್ ಕೀ ಕೂಡಿಸಿರುತ್ತಾರೆ. ದೂರು ಮಾತ್ರ ಒಂದೇ: "ಸರ, ಲಿವರ್ ಇಳಿಸಿ ವಾಪಸ್ ಏರಿಸಿದ್ರ ಇ ಸರಿ ಕೂಡಂಗಿಲ್ರಿ. ಕೀನ ಖರಾಬ್ ಐತಿ, ಬ್ಯಾರೆ ಹಾಕ್ರಿ." ಕೀ ಖರಾಬಾಗಿರುವುದು ಬಹಳ ಅಪರೂಪ. ದೋಷ ಸಾಮಾನ್ಯವಾಗಿ ಇರುವುದು ನಟ್ಟಿನಲ್ಲಿ, ಅಂದರೆ ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಕಚ್ಚುಗಳಿರುವ ಪಟ್ಟಿಯಲ್ಲಿ.

ಬಿಳಿ ಎರಡರಲ್ಲಿ, ಅಂದರೆ ಡಿಯನ್ನು ಷಡ್ಜವಾಗಿಟ್ಟು ಹಾಡುವ ಗಾಯಕರಿಗೆ ಸಾಥ್ ಕೊಡುವವರು ಈ ಕೀ ಏಕೆ ಬಯಸುತ್ತಾರೆಂದು ಹೇಳಬೇಕಾಗಿಲ್ಲ. ನಾಲ್ಕು ತಂತಿಯ ಬೇಸಿನಲ್ಲಿ ತಳದ ಷಡ್ಜ ಸಿಗಬೇಕಾದರೆ ಇ ತಂತಿ ಡಿಗೆ ಇಳಿಯಲೇಬೇಕು. ಮಾಲಕೌಂಸ ರಾಗಕ್ಕಾಗಿ ತಂಬೂರಿಯ ಪಂಚಮದ ತಂತಿಯನ್ನು ಮಧ್ಯಮಕ್ಕೆ ಇಳಿಸುವಷ್ಟೇ ಅಂತರವಿದು. ಕಂಪನ 41.2 ಹರ್ಟ್ಸ್‌ನಿಂದ 36.7ಕ್ಕೆ ಇಳಿಯುತ್ತದೆ, ಬಿಗಿತ ಸುಮಾರು ಐದನೆಯ ಒಂದು ಭಾಗದಷ್ಟು ಕಡಿಮೆಯಾಗುತ್ತದೆ.

ಲಿವರ್ ತಿರುಗಿಸಿದಾಗ, ತಂತಿ ಸುತ್ತಿಕೊಂಡಿರುವ ಕೀಯ ಕಂಬ ನಿಗದಿತ ಅಳತೆಯಷ್ಟು ಮಾತ್ರ ಹಿಂದಕ್ಕೆ ತಿರುಗುತ್ತದೆ. ಆಗ ಮೊದಲು ಸಡಿಲಾಗುವುದು ಕಂಬಕ್ಕೂ ನಟ್ಟಿಗೂ ನಡುವಿನ ತುಂಡು. ಆ ಸಡಿಲು ನಟ್ಟಿನ ಕಚ್ಚನ್ನು ದಾಟಿ, ನಾವು ನುಡಿಸುವ ಭಾಗಕ್ಕೆ ತಲುಪಬೇಕು. ಕಚ್ಚು ತಂತಿಯನ್ನು ಹಿಡಿದಿಟ್ಟರೆ ನುಡಿಸುವ ಭಾಗದಲ್ಲಿ ಹಳೆಯ ಬಿಗಿತ ಸ್ವಲ್ಪ ಉಳಿದು, ಡಿ ಸ್ವರ ಏರಿ ನಿಲ್ಲುತ್ತದೆ. ನಾಲ್ಕಾರು ಬಾರಿ ಜೋರಾಗಿ ಮೀಟಿದ ಮೇಲೆ ಅದು ತಾನಾಗಿ ಇಳಿಯುತ್ತದೆ. ಲಿವರ್ ಮರಳಿ ಏರಿಸಿದಾಗ ಇದೇ ತಿರುವುಮುರುವಾಗಿ, ಕಂಬದ ಕಡೆಯ ತುಂಡು ಬಿಗಿಯಾದರೂ ಈಚೆಗೆ ಆ ಬಿಗಿತ ಪೂರ್ತಿ ಬರದೆ ಇ ಇಳಿದು ಕೇಳಿಸುತ್ತದೆ. ಇಳಿಸಿದಾಗ ಏರು, ಏರಿಸಿದಾಗ ಇಳಿ: ಈ ಜೋಡಿ ಲಕ್ಷಣ ಕಂಡರೆ ದಯವಿಟ್ಟು ಕೀ ಬಿಚ್ಚಬೇಡಿ. ಇ ಇಳಿದಿರುವಾಗ ನಟ್ಟಿನ ಹಿಂದಿನ ತುಂಡನ್ನು ಬೆರಳಿನಿಂದ ಒಮ್ಮೆ ಒತ್ತಿ ಬಿಡಿ. ಟ್ಯೂನರಿನ ಮುಳ್ಳು ಮೇಲಕ್ಕೆ ಜಿಗಿದರೆ ತಂತಿ ಕಚ್ಚಿನಲ್ಲಿ ಸಿಕ್ಕಿಕೊಂಡಿತ್ತೆಂದೇ ಅರ್ಥ.

ಕ್ಯಾಂಪ್ ಪ್ರದೇಶದ ಚರ್ಚೊಂದರಲ್ಲಿ ನುಡಿಸುವ, ಬಹಳ ಶ್ರದ್ಧೆಯ ಹುಡುಗನೊಬ್ಬ ಇದೇ ದೂರಿಗಾಗಿ ಕೀಯನ್ನೇ ಬದಲಿಸಿ, ಆಮೇಲೆ ನನ್ನ ಬಳಿ ಬಂದಿದ್ದ. ಡಿಯಲ್ಲಿ ತಂತಿ ಜೋತುಬೀಳಬಾರದೆಂದು ಅವನು 100ರ ತಂತಿ ತೆಗೆದು ಅದಕ್ಕಿಂತ ದಪ್ಪದ 110 ಹಾಕಿದ್ದ (ಈ ದಪ್ಪದ ಅಳತೆ ಇಂಚಿನ ಸಾವಿರದ ಭಾಗಗಳಲ್ಲಿ). ಆಲೋಚನೆ ಸರಿಯಾದದ್ದೇ, ಆದರೆ ಕಚ್ಚು 100ಕ್ಕೆ ಕೊರೆದದ್ದಾಗಿತ್ತು. ಭೂತಗನ್ನಡಿ ಹಿಡಿದರೆ ತಂತಿ ತಳ ಮುಟ್ಟದೆ ಎರಡು ಅಂಚುಗಳ ಮೇಲೆ ಕೂತಿತ್ತು, ಕೆಳಗಿನಿಂದ ಬೆಳಕು ಕಾಣುತ್ತಿತ್ತು, ಪಕ್ಕದ ಗೋಡೆಗಳಲ್ಲಿ ಉಜ್ಜಿದ ಗೆರೆಗಳು ಹೊಳೆಯುತ್ತಿದ್ದವು. ತಂತಿಯ ದಪ್ಪಕ್ಕೆ ಹೊಂದುವ ಅರದಿಂದ ಕಚ್ಚನ್ನು ಅಗಲ ಮಾಡಿ, ಮೆದು ಪೆನ್ಸಿಲಿನ ಸೀಸವನ್ನು ಸವರಿದೆ, ಕೀಗೆ ಕೈಹಚ್ಚಲಿಲ್ಲ. ಹಣ ಖರ್ಚು ಮಾಡಿಕೊಂಡ ಆ ಹುಡುಗನ ಮುಖ ನೋಡಿ ನನಗೆ ನಿಜಕ್ಕೂ ಬೇಸರವಾಯಿತು. ಹಾಗೆಂದು ಮನೆಯಲ್ಲೇ ಅರ ಹಿಡಿಯಲು ನಾನು ಯಾರಿಗೂ ಹೇಳುವುದಿಲ್ಲ, ಏಕೆಂದರೆ ಕಚ್ಚು ಆಳವಾದರೆ ಖಾಲಿ ತಂತಿ ಮೊದಲ ಫ್ರೆಟ್ಟಿಗೆ ತಾಗಿ ಜುಯ್ ಎನ್ನುತ್ತದೆ. ಆಮೇಲೆ ನಟ್ಟನ್ನೇ ಬದಲಿಸಬೇಕಾಗಬಹುದು.

ನಟ್ ಸರಿಯಾದ ಮೇಲೂ ಶ್ರುತಿ ಮಾಡುವ ಕ್ರಮ ತಪ್ಪಿದರೆ ಪ್ರಯೋಜನವಿಲ್ಲ. ಮೊದಲು ಲಿವರ್ ಏರಿಸಿಟ್ಟು ಕೀಯಿಂದ ಇ ಕೂಡಿಸಬೇಕು. ಅನಂತರ ಲಿವರ್ ಇಳಿಸಿ, ಡಿಯನ್ನು ಕೀಯಿಂದಲ್ಲ, ಅದಕ್ಕೆಂದೇ ಇರುವ ಸಣ್ಣ ತಿರುಪಿನಿಂದ ಹೊಂದಿಸಬೇಕು. ಡಿಗಾಗಿ ಕೀ ತಿರುವಿದರೆ ಇ ಕೆಡುತ್ತದೆ. ಕೆಟ್ಟ ಇ ಸರಿಪಡಿಸಲು ಹೋದರೆ ಮತ್ತೆ ಡಿ ಕೆಡುತ್ತದೆ. ಕಂಬದ ಮೇಲೆ ಸುತ್ತುಗಳು ಒಂದರ ಮೇಲೊಂದು ಏರದೆ, ಮೇಲಿಂದ ಕೆಳಕ್ಕೆ ಒತ್ತಾಗಿ ಎರಡು ಮೂರು ಇದ್ದರೆ ಸಾಕು. ತಂತಿಯ ಎತ್ತರವನ್ನು ಡಿಯಲ್ಲಿ ನುಡಿಸಿ ನೋಡಿಯೇ ನಿಗದಿ ಮಾಡಬೇಕು, ಏಕೆಂದರೆ ಸಡಿಲಾದ ತಂತಿಯ ತೂಗಾಟ ಹೆಚ್ಚು. ನಮ್ಮೂರಿನ ಮಳೆಗಾಲದಲ್ಲಿ ಕುತ್ತಿಗೆಯ ಕಟ್ಟಿಗೆಯೂ ಅಲುಗುವುದರಿಂದ ಚಳಿಗಾಲದ ಹೊಂದಾಣಿಕೆ ಆಗಸ್ಟಿನಲ್ಲಿ ನಿಲ್ಲುತ್ತದೆಂಬ ಖಾತ್ರಿ ನಾನು ಕೊಡಲಾರೆ.

ಇನ್ನೂ ಕೀ ಕೊಳ್ಳದವರು ಹಳೆಯ ಕೀಯ ಕಂಬದ ದಪ್ಪ, ಹಿಂಬದಿಯ ಸ್ಕ್ರೂ ತೂತುಗಳ ಅಂತರ ಮತ್ತು ಅದು ತಿರುಗುವ ದಿಕ್ಕನ್ನು ನೋಡಿಕೊಂಡು ಮಾದರಿ ಆರಿಸಲಿ. ಈಗಾಗಲೇ ಕೊಂಡವರು, ಮುಂದೆಯೂ ಬಳಸುವ ದಪ್ಪದ ತಂತಿಯನ್ನೇ ಹಾಕಿಕೊಂಡು ಗಿಟಾರ್ ತನ್ನಿ. ತಂತಿ ಬಿಚ್ಚಿ ತಂದರೆ ಕಚ್ಚಿನ ಅಳತೆಯನ್ನು ನಾನು ಅಂದಾಜಿನ ಮೇಲೆ ಕೊರೆಯುವುದಿಲ್ಲ.