ಕ್ಯಾನ್ಸರ್ ಫೈಲು ಬೇರೆ, ಹಾರ್ಟ್ ಫೈಲು ಬೇರೆ

ಜಗಳೂರಿನ ನಮ್ಮ ದೊಡ್ಡಮ್ಮನ ಎಡ ಸ್ತನದ ಗಡ್ಡೆ ತೆಗೆಸಿ ಎಂಟು ವರ್ಷವಾಯಿತು. ಹೋದ ಬೇಸಿಗೆಯಲ್ಲಿ ಕೊಡ ಹಿಡಿದು ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ದಮ್ಮು ಹತ್ತತೊಡಗಿತು. ವಯಸ್ಸಾಯ್ತು ಅಂದರು, ಗ್ಯಾಸ್ ಅಂದರು. ದಾವಣಗೆರೆಯಲ್ಲಿ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿದ ಡಾಕ್ಟರು ಮಾತ್ರ, ‘ಹಿಂದೆ ಕೀಮೋ ಏನಾದ್ರೂ ತಗೊಂಡಿದ್ರಾ ಅಮ್ಮಾ?’ ಅಂತ ಕೇಳಿದರು. ಆ ಫೈಲು ಊರಲ್ಲಿ ಟ್ರಂಕಿನ ತಳದಲ್ಲಿತ್ತು, ಬಟ್ಟೆ ಅಂಗಡಿಯ ಕವರಿನೊಳಗೆ. ಕ್ಯಾನ್ಸರಿಗೂ ಹಾರ್ಟಿಗೂ ಏನು ಸಂಬಂಧ ಅಂತ ನಾವು ಮುಖ ಮುಖ ನೋಡಿಕೊಂಡೆವು.

ಸಂಬಂಧ ಹಳೆಯದೇ. ಮೊದಲೆಲ್ಲ ಸ್ತನ ಕ್ಯಾನ್ಸರಿಗೆ ಇದ್ದದ್ದು ಆಪರೇಷನ್, ಆಮೇಲೆ ನಮ್ಮ ಜನ ‘ಕರೆಂಟ್ ಕೊಡೋದು’ ಅನ್ನುವ ರೇಡಿಯೇಷನ್. ಬದುಕಿ ಉಳಿದರೆ ಸಾಕಾಗಿತ್ತು, ಹಾರ್ಟಿನ ಮಾತು ಯಾರಿಗೆ ಬೇಕಿತ್ತು?

1974ರಲ್ಲಿ ಅಮೆರಿಕದಲ್ಲಿ ಆಡ್ರಿಯಾಮೈಸಿನ್ ಅನ್ನುವ ಕೀಮೋ ಔಷಧಿಗೆ ಒಪ್ಪಿಗೆ ಸಿಕ್ಕಿತು. ಇಟಲಿಯ ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ಬಂದ ಔಷಧಿ, ಹೆಸರು ಅಲ್ಲಿನ ಆಡ್ರಿಯಾಟಿಕ್ ಸಮುದ್ರದ್ದು. ನೋಡೋಕೆ ಜಾತ್ರೆಯ ಶರಬತ್ತಿನ ಬಣ್ಣ. ಏರಿಸಿದ ಮೇಲೆ ಮೂತ್ರವೂ ಕೆಂಪಾಗುತ್ತದೆ. ಹೆದರಬೇಡಿ ಅಂತ ನರ್ಸ್ ಮೊದಲೇ ಹೇಳಿದ್ದರು. ಹಾರ್ಟಿನ ವಿಷಯ ಹೇಳಿದ್ದು ದೊಡ್ಡಮ್ಮನಿಗೆ ನೆನಪಿಲ್ಲ. ಸಹಿ ಹಾಕಿದ ಕಾಗದದಲ್ಲಿ ಇದ್ದಿರಬಹುದು, ಇಂಗ್ಲಿಷಿನಲ್ಲಿ.

ಈ ಔಷಧಿ ಕ್ಯಾನ್ಸರ್ ಕೋಶದ ಜೊತೆ ಹೃದಯದ ಸ್ನಾಯುವಿನ ಕೋಶಕ್ಕೂ ಪೆಟ್ಟು ಕೊಡುತ್ತದೆ. ಉದುರಿದ ಕೂದಲು ಮತ್ತೆ ಬರುತ್ತದೆ, ಹೃದಯದ ಕೋಶ ಹಾಗೆ ಬರುವುದಿಲ್ಲ. ಅದಕ್ಕೇ ಡೋಸಿನ ಲೆಕ್ಕ ಜೀವಮಾನಕ್ಕೆಲ್ಲ ಸೇರಿ ಒಂದೇ. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಒಟ್ಟು 550 ಮಿಲಿಗ್ರಾಂ ಮುಟ್ಟಿದರೆ ನೂರರಲ್ಲಿ ಸುಮಾರು 7 ಜನರ ಹೃದಯ ಸೋಲುತ್ತದೆ ಅಂತ 1979ರಲ್ಲೇ ಲೆಕ್ಕ ಸಿಕ್ಕಿತ್ತು. ಸ್ತನ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಕೊಡುವುದು 60ರಂತೆ ನಾಲ್ಕು ಸಲ, ಒಟ್ಟು 240. ಅಪಾಯ ಕಡಿಮೆಯೇ. ಆದರೆ ಬಿಪಿ, ಶುಗರ್, ವಯಸ್ಸು ಜೊತೆಗೂಡಿದರೆ ಲೆಕ್ಕ ಬೇರೆ.

1998ರಲ್ಲಿ ಹರ್ಸೆಪ್ಟಿನ್ ಅನ್ನುವ ಇನ್ನೊಂದು ಸ್ತನ ಕ್ಯಾನ್ಸರ್ ಔಷಧಿ ಬಂತು. 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆಂಪು ಔಷಧಿಯ ಕೀಮೋ ಮಾತ್ರ ತೆಗೆದುಕೊಂಡವರಲ್ಲಿ ಶೇ 8 ಮಂದಿಗೆ ಹೃದಯದ ತೊಂದರೆ ಕಂಡಿತ್ತು. ಅದರ ಜೊತೆಗೇ ಹರ್ಸೆಪ್ಟಿನ್ ಕೂಡ ತೆಗೆದುಕೊಂಡವರಲ್ಲಿ ಶೇ 27. ಎರಡನ್ನೂ ಒಟ್ಟಿಗೆ ಕೊಡುವುದು ತಪ್ಪಿತು, ಮೂರು ತಿಂಗಳಿಗೊಮ್ಮೆ ಎಕೋ ಅನ್ನುವ ರೂಢಿ ಬಂತು. ಹರ್ಸೆಪ್ಟಿನ್‌ನಿಂದ ಆದ ತೊಂದರೆ ನಿಲ್ಲಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ, ಬೇಗ ಗೊತ್ತಾಗಬೇಕು ಅಷ್ಟೇ. 2014ರಲ್ಲಿ ಬೆಂಗಳೂರಿನ ಬಯೋಕಾನ್ ಇದರದೇ ಅಗ್ಗದ ರೂಪ ತಂದಿತು.

ಎಕೋ ಅಂದರೆ ದೊಡ್ಡ ಕಷ್ಟವೇನಿಲ್ಲ. ಎಡಮಗ್ಗುಲಾಗಿ ಮಲಗಿಸಿ, ತಣ್ಣನೆಯ ಜೆಲ್ ಹಚ್ಚಿ, ಆಪರೇಷನ್ ಗಾಯದ ಪಕ್ಕದಲ್ಲೇ ಯಂತ್ರ ಆಡಿಸುತ್ತಾರೆ. ಇಎಫ್ ಅನ್ನುವ ಒಂದು ಅಂಕಿ ಬರುತ್ತದೆ, ಪ್ರತಿ ಬಡಿತಕ್ಕೆ ಹೃದಯ ತನ್ನೊಳಗಿನ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರಗೆ ತಳ್ಳುತ್ತದೆ ಅನ್ನುವ ಲೆಕ್ಕ. ಅದು ಮೊದಲಿಗಿಂತ 10 ಇಳಿದು 50ರ ಕೆಳಗೆ ಹೋದರೆ ಡಾಕ್ಟರು ನಿಂತು ಯೋಚಿಸುತ್ತಾರೆ.

ಕರೆಂಟಿನದೂ ಪಾಲಿದೆ, ಎಡಗಡೆಯದಾದರೆ ಜಾಸ್ತಿ. ಹೃದಯಕ್ಕೆ ಬೀಳುವ ಪ್ರತಿ ಗ್ರೇ (ಕಿರಣದ ಅಳತೆ) ಕಿರಣಕ್ಕೆ ಹೃದಯಾಘಾತದಂಥ ಘಟನೆಯ ಅಪಾಯ ಶೇ 7.4 ಏರುತ್ತದೆ ಅಂತ 2013ರ ಸ್ವೀಡನ್–ಡೆನ್ಮಾರ್ಕ್ ಅಧ್ಯಯನ ತೋರಿಸಿತು. ಈಗ ಉಸಿರು ಎಳೆದು ಹಿಡಿಸಿ, ಹೃದಯವನ್ನು ಕಿರಣದ ದಾರಿಯಿಂದ ಸರಿಸಿ ಕೊಡುತ್ತಾರೆ.

ಹಾಗಂತ ಕೀಮೋ ಬೇಡ ಅನ್ನೋ ಹಾಗಿಲ್ಲ. ದೊಡ್ಡಮ್ಮ ಬದುಕಿರುವುದೇ ಅದರಿಂದ. ಆದರೆ ಗಡ್ಡೆಯಿಂದ ಪಾರಾದ, 65 ದಾಟಿದ ಹೆಂಗಸರನ್ನು ಕ್ಯಾನ್ಸರಿಗಿಂತ ಹೃದಯವೇ ಹೆಚ್ಚಾಗಿ ಬಲಿ ತೆಗೆದುಕೊಳ್ಳುತ್ತದೆ ಅಂತ 2018ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಎಚ್ಚರಿಸಿತು. 2022ರಲ್ಲಿ ಯುರೋಪಿನ ತಜ್ಞರು ಪೂರ್ತಿ ನಿಯಮಾವಳಿಯನ್ನೇ ಹೊರತಂದರು. ನಮ್ಮ ಕಡೆ ಕೀಮೋ ಬೆಂಗಳೂರಲ್ಲಿ, ಬಿಪಿ ಮಾತ್ರೆ ಊರಲ್ಲಿ, ಎಕೋ ದಾವಣಗೆರೆಯಲ್ಲಿ. ಒಬ್ಬರ ಚೀಟಿ ಇನ್ನೊಬ್ಬರ ಕಣ್ಣಿಗೆ ಬೀಳುವುದಿಲ್ಲ. ಡಿಸ್ಚಾರ್ಜ್ ಕಾಗದದ ಮೇಲೆ ‘ವರ್ಷಕ್ಕೊಮ್ಮೆ ಹಾರ್ಟ್ ತೋರಿಸಿ’ ಅಂತ ಕನ್ನಡದಲ್ಲಿ ಒಂದು ಸಾಲು ಬರೆಯೋದು ಅಷ್ಟು ಕಷ್ಟವಾ?

ದೊಡ್ಡಮ್ಮನ ಇಎಫ್ 40 ಇತ್ತು. ಮಾತ್ರೆ ಶುರುವಾಗಿ ಆರು ತಿಂಗಳಿಗೆ 47. ಮುಂದಿನ ಎಕೋ ಯುಗಾದಿ ಕಳೆದ ಮೇಲೆ.